ಬಿಲ್ ಕೌಂಟರಿನಲ್ಲಿ ಯಂತ್ರದ ಕಣ್ಣು: ಸೂಚನೆ, ಸಾಕ್ಷ್ಯ, ತೀರ್ಪು

ಗಡಿನಾಡಿನ ಪೇಟೆಗಳಲ್ಲಿ ವ್ಯಾಪಾರದ ಸ್ವರೂಪವು ಒಂದೆರಡು ತಲೆಮಾರುಗಳೊಳಗೆ ಬಹಳಷ್ಟು ಮಾರ್ಪಟ್ಟಿದೆ. ಹಿಂದೆ ಕಾಸರಗೋಡು, ಕುಂಬಳೆ, ಬದಿಯಡ್ಕ, ಉಪ್ಪಳಗಳ ಜೀನಸಿನ ಅಂಗಡಿಗಳಲ್ಲಿ ಗಿರಾಕಿಯು ಹೊರಗೆ ನಿಂತು ಚೀಟಿ ಕೊಡುತ್ತಿದ್ದನು. ಅಂಗಡಿಯವರು ಒಳಗಿನಿಂದ ಸಾಮಾನು ತೆಗೆದು, ತೂಗಿ, ಕಟ್ಟಿ, ಲೆಕ್ಕ ಬರೆದು ಕೊಡುತ್ತಿದ್ದರು. ಸರಕು ಗಿರಾಕಿಯ ಕೈಸೇರುವ ಮೊದಲೇ ಲೆಕ್ಕಕ್ಕೆ ಸೇರುತ್ತಿತ್ತು. ಇಂದಿನ ಸೂಪರ್‌ಮಾರ್ಕೆಟಿನಲ್ಲಿ ಈ ಕ್ರಮವು ತಿರುವುಮುರುವಾಗಿದೆ. ಸರಕು ಮೊದಲು ಗಿರಾಕಿಯ ಬುಟ್ಟಿಗೆ ಬರುತ್ತದೆ; ಲೆಕ್ಕವು ಕೊನೆಯಲ್ಲಿ, ಹೊರಬಾಗಿಲಿನ ಬಳಿಯ ಬಿಲ್ ಕೌಂಟರಿನಲ್ಲಿ ಆಗುತ್ತದೆ. ಅಂಗಡಿಯ ದಿನದ ವ್ಯಾಪಾರವೆಲ್ಲ ಆ ಒಂದು ಮೇಜಿನ ಮೇಲೆ, ಅಲ್ಲಿ ಕುಳಿತ ಕ್ಯಾಶಿಯರರ ಎರಡು ಕೈಗಳ ಮೂಲಕ ಸಾಗಬೇಕಾಗಿದೆ. ಆದುದರಿಂದಲೇ ಕ್ಯಾಮೆರಾದ ಕಣ್ಣು ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿಗೇ ತಿರುಗಿದೆ.

ಈ ಕಣ್ಣು ಈಗ ಬರಿದೆ ನೋಡುವುದಿಲ್ಲ, ಲೆಕ್ಕವನ್ನೂ ಹಾಕುತ್ತದೆ. ಕ್ಯಾಮೆರಾದ ದೃಶ್ಯವನ್ನು ಗಣಕಯಂತ್ರವು ತಾನಾಗಿ ಪರಿಶೀಲಿಸಿ, ಬಿಲ್ ಆಗದೆ ಹೊರಹೋಗುವ ಸರಕನ್ನು ಗುರುತಿಸುವ ವಿಧಾನಕ್ಕೆ ದೃಶ್ಯ ವಿಶ್ಲೇಷಣೆ ಎನ್ನುತ್ತಾರೆ. ವಿದೇಶದ ದೊಡ್ಡ ಮಳಿಗೆಗಳಲ್ಲಿ ಇದು ಬಳಕೆಗೆ ಬಂದು ಹಲವು ವರ್ಷಗಳಾದವು. ಈ ಯಂತ್ರವು ಏನನ್ನು ಕಾಣುತ್ತದೆ, ಏನನ್ನು ಕಾಣಲಾರದು, ಅದರ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂಬ ಪ್ರಶ್ನೆಗಳು ತಂತ್ರಜ್ಞರಿಗಷ್ಟೇ ಸೇರಿದವುಗಳಲ್ಲ. ಆ ಮೇಜಿನ ಹಿಂದೆ ಕುಳಿತಿರುವವರಲ್ಲಿ ಪದವಿ ಮುಗಿಸಿ ಮೊದಲ ಉದ್ಯೋಗಕ್ಕೆ ಸೇರಿದ ಯುವಕ ಯುವತಿಯರು ಹಲವರಿರುವುದರಿಂದ, ಕಾಲೇಜೊಂದರ ಓದುಗರಿಗೂ ಇದು ಹತ್ತಿರದ ವಿಷಯವೇ ಆಗಿದೆ.

ಸ್ವಸಹಾಯದ ಅಂಗಡಿ ಮತ್ತು ಪಟ್ಟಿಯ ಗುರುತು

ಗಿರಾಕಿಯೇ ಸರಕು ಆಯ್ದುಕೊಳ್ಳುವ ಅಂಗಡಿಯ ಪದ್ಧತಿಗೆ ಶತಮಾನವೊಂದು ಕಳೆದಿದೆ. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ತೆರೆದ ಪಿಗ್ಲಿ ವಿಗ್ಲಿ ಎಂಬ ಅಂಗಡಿಯು ಇದರ ಮೊದಲ ಮಾದರಿ. ಎರಡನೆಯ ದೊಡ್ಡ ಬದಲಾವಣೆಯು 1974ರ ಜೂನ್ 26ರಂದು ಒಹಾಯೊ ರಾಜ್ಯದ ಟ್ರಾಯ್ ಎಂಬ ಪೇಟೆಯಲ್ಲಿ ನಡೆಯಿತು. ಅಂದು ಒಂದು ಚೂಯಿಂಗ್ ಗಮ್ ಪೊಟ್ಟಣದ ಮೇಲಿನ ಕಪ್ಪು ಬಿಳಿ ಗೆರೆಗಳನ್ನು ಸ್ಕ್ಯಾನರ್ ಓದಿ ಬಿಲ್ ಮಾಡಿತು. ಬಾರ್‌ಕೋಡಿನ ವ್ಯಾಪಾರ ಆರಂಭವಾದುದು ಹೀಗೆ. ಕಾಸರಗೋಡಿನ ಜನರಿಗೆ ಮಾವೇಲಿ ಸ್ಟೋರುಗಳ ಮೂಲಕ ಪರಿಚಿತವಾದ ಸಪ್ಲೈಕೋ, ಅಂದರೆ ಕೇರಳ ರಾಜ್ಯ ಸಿವಿಲ್ ಸಪ್ಲೈಸ್ ಕಾರ್ಪೊರೇಷನ್, ಸ್ಥಾಪನೆಯಾದುದೂ ಅದೇ 1974ರಲ್ಲಿ.

ಇಂದು ಬಿಸ್ಕತ್ತಿನ ಪೊಟ್ಟಣವನ್ನು ಕೈಗೆತ್ತಿಕೊಂಡರೆ ಅದರ ಮೇಲೆ 13 ಅಂಕೆಗಳ ಸಂಖ್ಯೆಯೊಂದು ಕಾಣುತ್ತದೆ. ಅದು 890 ಎಂದು ತೊಡಗಿದ್ದರೆ ಆ ಸಂಖ್ಯೆಯು ಭಾರತದಲ್ಲಿ ನೋಂದಣಿಯಾದುದೆಂದು ಅರ್ಥ. ಕೊನೆಯ ಅಂಕೆಯು ಉಳಿದ ಹನ್ನೆರಡನ್ನು ಪರೀಕ್ಷಿಸಲು ಇರುವ ತಾಳೆಯ ಅಂಕೆ. ಸ್ಕ್ಯಾನರ್ ತಪ್ಪಾಗಿ ಓದಿದರೆ ಈ ಅಂಕೆಯು ತಾಳೆಯಾಗದೆ ತಪ್ಪು ಹೊರಬೀಳುತ್ತದೆ. ಆದರೆ ಓದಲೇ ಇಲ್ಲದಿದ್ದರೆ? ಬಾರ್‌ಕೋಡು ತನ್ನನ್ನು ಓದಿದವರಿಗೆ ಮಾತ್ರ ಉತ್ತರ ಕೊಡುತ್ತದೆ. ಓದದೆ ಬಿಟ್ಟ ಪೊಟ್ಟಣದ ವಿಷಯದಲ್ಲಿ ಅದು ಮೌನ. ಕೌಂಟರಿನ ಕಳವು ನಡೆಯುವುದು ಈ ಮೌನದ ಎಡೆಯಲ್ಲಿ.

ಕೌಂಟರಿನ ಕಳವಿನ ಬಗೆಗಳು

ಕಪಾಟಿನಿಂದ ವಸ್ತುವನ್ನು ಎತ್ತಿ ಬಟ್ಟೆಯೊಳಗೆ ಅಡಗಿಸುವುದು ಒಂದು ಬಗೆ. ಕೌಂಟರಿನ ಕಳವು ಅದಕ್ಕಿಂತ ಭಿನ್ನವಾದುದು. ಅದು ಎಲ್ಲರ ಎದುರಿನಲ್ಲಿಯೇ, ಸಹಜವಾದ ಬಿಲ್ಲಿನ ಕೆಲಸದಂತೆಯೇ ನಡೆಯುತ್ತದೆ. ಪರಿಚಯದ ಗಿರಾಕಿ ಬಂದಾಗ ಕ್ಯಾಶಿಯರ್ ಹತ್ತು ವಸ್ತುಗಳಲ್ಲಿ ಎಂಟನ್ನು ಮಾತ್ರ ಸ್ಕ್ಯಾನ್ ಮಾಡಿ, ಎರಡನ್ನು ಬೆರಳಿನಿಂದ ಬಾರ್‌ಕೋಡು ಮುಚ್ಚಿ ಚೀಲಕ್ಕೆ ಸಾಗಿಸುವುದು ಇದರಲ್ಲಿ ಮುಖ್ಯವಾದುದು. ನೋಡುವವರಿಗೆ ಹತ್ತೂ ಸ್ಕ್ಯಾನರಿನ ಮೇಲೆ ಹಾದುಹೋದಂತೆ ತೋರುತ್ತದೆ. ಅಗ್ಗದ ವಸ್ತುವಿನ ಚೀಟಿಯನ್ನು ದುಬಾರಿ ವಸ್ತುವಿಗೆ ಅಂಟಿಸುವುದು ಇನ್ನೊಂದು ಬಗೆ. ಗೇರುಬೀಜದ ಪೊಟ್ಟಣಕ್ಕೆ ಕಡಲೆಯ ಚೀಟಿ ಅಂಟಿದರೆ ಯಂತ್ರವು ಕಡಲೆಯ ಬೆಲೆಯನ್ನೇ ತೋರಿಸುತ್ತದೆ. ಬಿಲ್ಲು ಮಾಡಿ, ಗಿರಾಕಿಯು ಹೊರಟ ಬಳಿಕ ಅದನ್ನು ರದ್ದುಗೊಳಿಸಿ ಹಣವನ್ನು ತೆಗೆದಿರಿಸಿಕೊಳ್ಳುವುದು ಮೂರನೆಯದು.

ಇವೆಲ್ಲವೂ ಅಂಗಡಿಯವರಿಗೆ ತಿಳಿಯುವುದು ತಡವಾಗಿ, ದಾಸ್ತಾನು ಎಣಿಸುವಾಗ. ಪುಸ್ತಕದಲ್ಲಿರುವ ಸಂಖ್ಯೆಗೂ ಕಪಾಟಿನಲ್ಲಿರುವ ಸರಕಿಗೂ ವ್ಯತ್ಯಾಸ ಕಂಡುಬರುತ್ತದೆ. ಆದರೆ ಆ ಕೊರತೆಗೆ ಕಳವೊಂದೇ ಕಾರಣವಲ್ಲ. ಒಡೆದ ಬಾಟಲಿ, ಇಲಿ ಕಡಿದ ಚೀಲ, ಮಳೆಗಾಲದ ತೇವಕ್ಕೆ ಕೆಟ್ಟ ಹಿಟ್ಟು, ಲಾರಿಯಿಂದ ಇಳಿಸುವಾಗಲೇ ತಪ್ಪಿದ ಎಣಿಕೆ, ಕಣ್ತಪ್ಪಿನಿಂದ ಉಳಿದ ಬಿಲ್ಲು ಎಲ್ಲವೂ ಒಂದೇ ಕೊರತೆಯೊಳಗೆ ಬೆರೆತಿರುತ್ತವೆ. ಸಣ್ಣ ಲಾಭದಲ್ಲಿ ನಡೆಯುವ ದಿನಸಿ ವ್ಯಾಪಾರಕ್ಕೆ ಈ ನಷ್ಟವು ಹಗುರವಾದುದಲ್ಲ. ಆದುದರಿಂದ ಅಂಗಡಿಯವರ ಆತಂಕವನ್ನು ಅತಿಯೆಂದು ತಳ್ಳಿಹಾಕುವಂತಿಲ್ಲ.

ಯಂತ್ರವು ನೋಡುವ ಬಗೆ

ಸಾಮಾನ್ಯ ಕಣ್ಗಾವಲು ಕ್ಯಾಮೆರಾವು ಒಂದು ಸೆಕೆಂಡಿಗೆ 25ರಷ್ಟು ಸ್ಥಿರಚಿತ್ರಗಳನ್ನು ತೆಗೆಯಬಲ್ಲದು. 1920 ಅಡ್ಡ, 1080 ನೀಟ ಬಿಂದುಗಳಿರುವ ಒಂದು ಚಿತ್ರದಲ್ಲಿ 20,73,600 ಬಿಂದುಗಳಿರುತ್ತವೆ. ಗಣಕಯಂತ್ರಕ್ಕೆ ಇವು ಕೇವಲ ಬಣ್ಣದ ಅಂಕೆಗಳು. ಕೈ, ಚೀಲ, ಸಾಬೂನು ಎಂಬ ಭೇದ ಅದಕ್ಕೆ ಸ್ವತಃ ತಿಳಿಯದು. ಆ ಭೇದವನ್ನು ಕಲಿಸಲು ಮನುಷ್ಯರು ಸಾವಿರಾರು ಚಿತ್ರಗಳಲ್ಲಿ ಇದು ಕೈ, ಇದು ಪೊಟ್ಟಣ ಎಂದು ಗುರುತು ಹಾಕಿ ಕೊಡಬೇಕಾಗುತ್ತದೆ. ಅಂತಹ ಚಿತ್ರಗಳಿಂದ ಕಲಿತ ನರಜಾಲ ಮಾದರಿಯ ತಂತ್ರಾಂಶವು ಬಳಿಕ ಹೊಸ ಚಿತ್ರದಲ್ಲಿಯೂ ಅವನ್ನು ಊಹಿಸಬಲ್ಲದು. ಊಹೆ ಎಂಬ ಮಾತು ಇಲ್ಲಿ ಮುಖ್ಯವಾದುದು. ಯಂತ್ರವು ಇದು ಪೊಟ್ಟಣವೇ ಎಂದು ಹೇಳುವುದಿಲ್ಲ; ಇದು ಪೊಟ್ಟಣವಾಗಿರುವ ಸಂಭವ ಇಷ್ಟು ಎಂದು ಹೇಳುತ್ತದೆ.

ವಸ್ತುವನ್ನು ಗುರುತಿಸಿದರಷ್ಟೇ ಸಾಲದು, ಕ್ರಿಯೆಯನ್ನೂ ಗುರುತಿಸಬೇಕು. 2009ರಲ್ಲಿ ಐಬಿಎಂ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ಪ್ರಬಂಧವೊಂದು ಕ್ಯಾಶಿಯರರ ಕೆಲಸವನ್ನು ಮೂರು ಚಲನೆಗಳಾಗಿ ವಿಂಗಡಿಸಿತು: ಎತ್ತುವುದು, ಸ್ಕ್ಯಾನ್ ಮಾಡುವುದು, ಇಳಿಸುವುದು. ಈ ಮೂರರ ಆವರ್ತನೆಯೊಂದು ಮುಗಿದರೆ ಒಂದು ವಸ್ತು ಸಾಗಿತೆಂದು ಲೆಕ್ಕ. ಇತ್ತ ಬಿಲ್ಲಿನ ಯಂತ್ರವು ಪ್ರತಿಯೊಂದು ಸ್ಕ್ಯಾನಿನ ವೇಳೆಯನ್ನೂ ದಾಖಲಿಸಿರುತ್ತದೆ. ಈಗ ಎರಡು ದಾಖಲೆಗಳಾದವು: ಕ್ಯಾಮೆರಾ ಎಣಿಸಿದ ಚಲನೆಗಳು ಮತ್ತು ಬಿಲ್ಲಿನ ಯಂತ್ರ ಎಣಿಸಿದ ವಸ್ತುಗಳು. ಚಲನೆ ಇದ್ದು ಬಿಲ್ಲಿನಲ್ಲಿ ಅದಕ್ಕೆ ಜೋಡಿಯಾದ ನಮೂದು ಇಲ್ಲದಿದ್ದರೆ ಎಚ್ಚರಿಕೆ ಮೊಳಗುತ್ತದೆ.

ದೃಶ್ಯ ವಿಶ್ಲೇಷಣೆಯ ತಿರುಳು ಇಷ್ಟೇ. ಯಂತ್ರವು ಕಳವನ್ನು ಕಾಣುವುದಿಲ್ಲ. ಎರಡು ಲೆಕ್ಕಗಳ ನಡುವಿನ ವ್ಯತ್ಯಾಸವನ್ನು ಕಾಣುತ್ತದೆ. ಹಳೆಯ ಕಾಲದ ಗುಮಾಸ್ತರು ರೋಕಡ ಪುಸ್ತಕವನ್ನೂ ಖಾತೆ ಪುಸ್ತಕವನ್ನೂ ತಾಳೆ ನೋಡುತ್ತಿದ್ದ ಕೆಲಸವೇ ಇದು. ಒಂದು ಪುಸ್ತಕದ ಸ್ಥಾನದಲ್ಲಿ ದೃಶ್ಯ ಬಂದಿದೆ.

ತಾಳೆ ತಪ್ಪುವ ನಿರಪರಾಧ ಕಾರಣಗಳು

ವ್ಯತ್ಯಾಸವೆಲ್ಲವೂ ಕಳವಲ್ಲವೆಂಬುದನ್ನು ಕೌಂಟರಿನ ದಿನನಿತ್ಯದ ಕೆಲಸವೇ ತೋರಿಸಿಕೊಡುತ್ತದೆ. ಒಂದೇ ಬಗೆಯ ಆರು ಬಿಸ್ಕತ್ತು ಪೊಟ್ಟಣಗಳಿದ್ದರೆ ಕ್ಯಾಶಿಯರ್ ಒಂದನ್ನು ಸ್ಕ್ಯಾನ್ ಮಾಡಿ ಆರು ಎಂದು ಒತ್ತುತ್ತಾರೆ. ಕ್ಯಾಮೆರಾದ ಲೆಕ್ಕದಲ್ಲಿ ಆರು ಚಲನೆ, ಒಂದು ಸ್ಕ್ಯಾನ್. ಶೀತಲ ಪೆಟ್ಟಿಗೆಯಿಂದ ತೆಗೆದ ಹಾಲಿನ ಪ್ಯಾಕೆಟ್ಟಿನ ಮೇಲೆ ನೀರಹನಿ ಕಟ್ಟಿ ಗೆರೆಗಳು ಓದಲಾಗದಿದ್ದರೆ ಸಂಖ್ಯೆಯನ್ನು ಕೈಯಿಂದಲೇ ಒತ್ತಬೇಕಾಗುತ್ತದೆ. ಗಿರಾಕಿಯು ಮನೆಯಿಂದ ತಂದ ಕೊಡೆಯನ್ನೋ ಬೇರೆ ಅಂಗಡಿಯ ಚೀಲವನ್ನೋ ಮೇಜಿನ ಮೇಲಿರಿಸಿ ಮತ್ತೆ ಎತ್ತಿಕೊಳ್ಳುತ್ತಾರೆ. ಒಂದು ಕೊಂಡರೆ ಒಂದು ಉಚಿತವೆಂಬ ಯೋಜನೆಯ ವಸ್ತು ಬರುತ್ತದೆ. ಬೇಡವೆಂದ ವಸ್ತುವನ್ನು ಬದಿಗೆ ಸರಿಸಲಾಗುತ್ತದೆ. ಓಣಂ, ವಿಷು, ರಮಳಾನಿನ ಜನಸಂದಣಿಯಲ್ಲಿ ಯಾರದೋ ತಲೆ ಕ್ಯಾಮೆರಾಕ್ಕೆ ಅಡ್ಡ ಬರುತ್ತದೆ. ಕ್ಯಾಮೆರಾದ ಗಡಿಯಾರಕ್ಕೂ ಬಿಲ್ಲಿನ ಯಂತ್ರದ ಗಡಿಯಾರಕ್ಕೂ ಕೆಲವು ಸೆಕೆಂಡುಗಳ ಅಂತರವಿದ್ದರಂತೂ ಒಬ್ಬರ ವಸ್ತುವು ಇನ್ನೊಬ್ಬರ ಬಿಲ್ಲಿಗೆ ತಾಳೆಯಾಗಹೊರಡುತ್ತದೆ.

ತಪ್ಪಿನ ಪ್ರಮಾಣವು ಸಣ್ಣದಾಗಿದ್ದರೂ ಅದರ ಫಲವು ಸಣ್ಣದಲ್ಲ. ಇದನ್ನು ತಿಳಿಯಲು ಕಲ್ಪಿತ ಅಂಕೆಗಳ ಒಂದು ಲೆಕ್ಕವನ್ನು ಗಮನಿಸಬಹುದು. ಒಂದು ಕೌಂಟರಿನಲ್ಲಿ ದಿನಕ್ಕೆ 1000 ವಸ್ತುಗಳು ಸಾಗುತ್ತವೆಯೆಂದೂ, ಅವುಗಳಲ್ಲಿ 2 ಮಾತ್ರ ನಿಜವಾಗಿಯೂ ಬಿಲ್ ಆಗದೆ ಹೋಗುತ್ತವೆಯೆಂದೂ ಇಟ್ಟುಕೊಳ್ಳೋಣ. ಯಂತ್ರವು ಬಿಟ್ಟುಹೋದ ವಸ್ತುಗಳಲ್ಲಿ ನೂರಕ್ಕೆ 90ನ್ನು ಹಿಡಿಯಬಲ್ಲದು. ಸರಿಯಾಗಿ ಬಿಲ್ ಆದ ವಸ್ತುಗಳಲ್ಲಿ ನೂರಕ್ಕೆ 1ನ್ನು ಮಾತ್ರ ತಪ್ಪಾಗಿ ಶಂಕಿಸುತ್ತದೆ. ಕೇಳಲು ಇದು ಬಹಳ ನಿಖರವಾದ ಯಂತ್ರವೇ. ಆದರೆ ದಿನದ ಕೊನೆಗೆ ನಿಜವಾದ ಎಚ್ಚರಿಕೆಗಳು ಸುಮಾರು 2. ಉಳಿದ 998 ವಸ್ತುಗಳಿಂದ ಎದ್ದ ಸುಳ್ಳು ಎಚ್ಚರಿಕೆಗಳು ಸುಮಾರು 10. ಒಟ್ಟು ಹನ್ನೆರಡರಲ್ಲಿ ಹತ್ತು ಸುಳ್ಳು, ಅಂದರೆ ಪ್ರತಿ ಆರು ಎಚ್ಚರಿಕೆಗಳಲ್ಲಿ ಐದು ನಿರಪರಾಧಿಗಳ ಮೇಲೆ ಬಿದ್ದವು. ಅಪರೂಪವಾದುದನ್ನು ಹುಡುಕುವ ಎಲ್ಲ ಪರೀಕ್ಷೆಗಳಿಗೂ ಈ ತೊಡಕು ಇದೆ. ಯಂತ್ರವನ್ನು ಕಡಿಮೆ ಶಂಕಿಸುವಂತೆ ತಿದ್ದಿದರೆ ನಿಜವಾದ ಕಳವೂ ತಪ್ಪಿಹೋಗುತ್ತದೆ. ಹೆಚ್ಚು ಶಂಕಿಸುವಂತೆ ತಿದ್ದಿದರೆ ಸುಳ್ಳು ಎಚ್ಚರಿಕೆ ಹೆಚ್ಚುತ್ತದೆ. ಈ ಅಳತೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ನಿರ್ಧರಿಸುವವರು ಮನುಷ್ಯರೇ.

ಇದು ಬರಿಯ ಗಣಿತವಲ್ಲವೆಂಬುದಕ್ಕೆ ಅಮೆರಿಕದ ಅನುಭವವು ನಿದರ್ಶನ. ವಾಲ್‌ಮಾರ್ಟ್ ಸಂಸ್ಥೆಯು ಸಾವಿರಕ್ಕೂ ಹೆಚ್ಚು ಮಳಿಗೆಗಳಲ್ಲಿ ಇಂತಹ ವ್ಯವಸ್ಥೆಯನ್ನು ಬಳಸುತ್ತಿರುವುದು 2019ರಲ್ಲಿ ಬಹಿರಂಗವಾಯಿತು. ಅದರಲ್ಲಿ ಐರ್ಲೆಂಡಿನ ಎವರ್‌ಸೀನ್ ಎಂಬ ಕಂಪೆನಿಯ ತಂತ್ರಜ್ಞಾನವೂ ಇತ್ತು. ಮರುವರ್ಷವೇ ಅಲ್ಲಿನ ನೌಕರರ ಗುಂಪೊಂದು ಅದು ಸಹಜ ನಡವಳಿಕೆಯನ್ನೇ ಶಂಕಿಸುತ್ತದೆ, ನಿಜವಾದುದನ್ನು ಬಿಟ್ಟುಬಿಡುತ್ತದೆ ಎಂದು ದೂರಿತು. ಎಲ್ಲವನ್ನೂ ಕಂಡದ್ದು ಎಂಬರ್ಥದ ಆ ಹೆಸರನ್ನು ನೌಕರರು ತಿರುಚಿ, ಏನನ್ನೂ ಕಾಣದ್ದು ಎಂಬರ್ಥ ಬರುವಂತೆ ನೆವರ್‌ಸೀನ್ ಎಂದು ಹಾಸ್ಯ ಮಾಡಿದರು.

ಸೂಚಕನ ಹೊಣೆ

ಯಂತ್ರದ ಎಚ್ಚರಿಕೆಯನ್ನು ಯಾವ ದರ್ಜೆಯ ಮಾತೆಂದು ಪರಿಗಣಿಸಬೇಕು? ಈ ಪ್ರಶ್ನೆಗೆ ಬಹಳ ಹಳೆಯ ವಿವೇಚನೆಯೊಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೊರೆಯುತ್ತದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ಓಲೆಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಗ್ರಂಥ ಅದು. ಅದರ ಎರಡನೆಯ ಅಧಿಕರಣದಲ್ಲಿ ಅಧಿಕಾರಿಗಳು ರಾಜಧನವನ್ನು ಅಪಹರಿಸುವ ನಲವತ್ತು ಉಪಾಯಗಳ ಪಟ್ಟಿಯಿದೆ. ಬಂದುದನ್ನು ಬಾರದುದೆಂದು ಬರೆಯುವುದು, ಅಳತೆ ತೂಕಗಳಲ್ಲಿ ಮೋಸ ಮಾಡುವುದು ಮೊದಲಾದ ಅಲ್ಲಿನ ಬಗೆಗಳು ಇಂದಿನ ಕೌಂಟರಿಗೂ ಅಪರಿಚಿತವಲ್ಲ.

ಆದರೆ ಗಮನಾರ್ಹವಾದುದು ಪಟ್ಟಿಗಿಂತಲೂ ಅದರ ಮುಂದಿನ ವಿಧಿ. ಸಂಶಯ ಬಂದಾಗ ಕೊಟ್ಟವನು, ಪಡೆದವನು, ಬರೆದವನು, ಇರಿಸಿದವನು ಎಲ್ಲರನ್ನೂ ಬೇರೆಬೇರೆಯಾಗಿ ವಿಚಾರಿಸಬೇಕೆಂದು ಗ್ರಂಥವು ಹೇಳುತ್ತದೆ. ಸುಳುಹು ಕೊಡುವವನನ್ನು ಸೂಚಕನೆಂದು ಕರೆದು, ಅವನ ಮಾತು ನಿಜವಾದರೆ ಬಹುಮಾನವನ್ನೂ, ಸಾಧಿಸಲಾರದೆ ಹೋದರೆ ದಂಡನೆಯನ್ನೂ ವಿಧಿಸುತ್ತದೆ. ದೃಶ್ಯ ವಿಶ್ಲೇಷಣೆಯ ಯಂತ್ರವು ಇಂದಿನ ಸೂಚಕ. ವ್ಯತ್ಯಾಸವೆಂದರೆ ಅದಕ್ಕೆ ದಂಡನೆಯಿಲ್ಲ. ಆರರಲ್ಲಿ ಐದು ಬಾರಿ ತಪ್ಪು ನುಡಿದರೂ ಅದು ಮರುದಿನ ಅದೇ ನಿರ್ಲಿಪ್ತತೆಯಿಂದ ಮತ್ತೆ ನುಡಿಯುತ್ತದೆ. ಅದರ ತಪ್ಪಿನ ಭಾರವೆಲ್ಲ ಶಂಕೆಗೊಳಗಾದವರ ಮೇಲೆಯೇ ಬೀಳುತ್ತದೆ.

ಯಂತ್ರದ ಸೂಚನೆಯನ್ನೇ ತೀರ್ಪೆಂದು ನಂಬಿದರೆ ಏನಾಗುತ್ತದೆಂಬುದನ್ನು ಬ್ರಿಟನ್ನಿನ ಅಂಚೆ ಇಲಾಖೆಯ ಹೊರೈಜನ್ ಪ್ರಕರಣವು ತೋರಿಸಿಕೊಟ್ಟಿದೆ. ಅದು ಕ್ಯಾಮೆರಾದ ವಿಷಯವಲ್ಲ, ಲೆಕ್ಕದ ತಂತ್ರಾಂಶದ ವಿಷಯ. ಆ ತಂತ್ರಾಂಶವು ತೋರಿಸಿದ ಕೊರತೆಯನ್ನು ನಂಬಿ 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಮಂದಿ ಉಪ ಅಂಚೆ ಪಾಲಕರನ್ನು ಕಳವು, ಸುಳ್ಳು ಲೆಕ್ಕ ಮೊದಲಾದ ಅಪರಾಧಗಳಿಗಾಗಿ ಶಿಕ್ಷಿಸಲಾಯಿತು. ತಪ್ಪು ಯಂತ್ರದ್ದಾಗಿತ್ತು. ಕೊನೆಗೆ 2024ರಲ್ಲಿ ಆ ಶಿಕ್ಷೆಗಳನ್ನು ರದ್ದುಗೊಳಿಸಲು ಸಂಸತ್ತು ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಅಷ್ಟರೊಳಗೆ ಮನೆ ಮಾನಗಳನ್ನು ಕಳೆದುಕೊಂಡವರು ಹಲವರು.

ಕಾನೂನಿನ ಕಣ್ಣಿನಲ್ಲಿ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಂತೆ, ಕಳವು ಆಗಬೇಕಾದರೆ ಅಪ್ರಾಮಾಣಿಕ ಉದ್ದೇಶವಿರಬೇಕು. ವಸ್ತುವು ಬಿಲ್ ಆಗದೆ ಹೋದುದಷ್ಟೇ ಸಾಲದು. ಮನಸ್ಸಿನಲ್ಲಿ ಮೋಸವಿತ್ತೆಂದು ಸಾಬೀತಾಗಬೇಕು. ಮನಸ್ಸನ್ನು ಕ್ಯಾಮೆರಾ ಚಿತ್ರಿಸಲಾರದು. ನೌಕರರು ಯಜಮಾನರ ಸ್ವತ್ತನ್ನು ಕದ್ದರೆ 306ನೆಯ ಕಲಮಿನಂತೆ ಏಳು ವರ್ಷಗಳವರೆಗೆ ಸೆರೆವಾಸವಾಗಬಹುದು. ಅಪರಾಧವು ಹಗುರವಲ್ಲವಾದುದರಿಂದ ಆರೋಪವೂ ಹಗುರವಾಗಿರಬಾರದು. ಇನ್ನೊಂದೆಡೆ, 303ನೆಯ ಕಲಮು ಸಣ್ಣ ಕಳವಿನ ಬಗ್ಗೆ ಮೃದುತ್ವವನ್ನೂ ತೋರಿದೆ. ಐದು ಸಾವಿರ ರೂಪಾಯಿಗಳಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದು ಮೊದಲ ಬಾರಿಗೆ ಅಪರಾಧಿಯೆಂದು ತೀರ್ಮಾನವಾದವರು ವಸ್ತುವನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆಯನ್ನು ಅದು ವಿಧಿಸಿದೆ.

ದೃಶ್ಯವು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಬೇಕಾದರೂ ಕ್ರಮವಿದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ನಕಲಿನೊಂದಿಗೆ, ಅದನ್ನು ಪಡೆದ ಯಂತ್ರ ಮತ್ತು ವಿಧಾನವನ್ನು ವಿವರಿಸುವ ಪ್ರಮಾಣಪತ್ರವಿರಬೇಕು. ಮೊಬೈಲಿನಲ್ಲಿ ಹರಿದಾಡುವ ಕತ್ತರಿಸಿದ ತುಣುಕು ಈ ಪರೀಕ್ಷೆಗೆ ನಿಲ್ಲಲಾರದು. ಆದರೆ ಸಣ್ಣ ಪೇಟೆಯಲ್ಲಿ ಅಂತಹ ತುಣುಕು ನ್ಯಾಯಾಲಯಕ್ಕಿಂತ ಮೊದಲೇ ಮನೆಮನೆಗೆ ತಲುಪಿ ತೀರ್ಪು ಕೊಟ್ಟುಬಿಡುತ್ತದೆ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಕಳ್ಳಿಯೆಂದೋ ಕಳ್ಳನೆಂದೋ ಒಮ್ಮೆ ಬಿದ್ದ ಹೆಸರು ಬೇರೆ ಅಂಗಡಿಯ ಕೆಲಸವನ್ನೂ ತಪ್ಪಿಸಬಲ್ಲದು.

ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಸದಸ್ಯರ ಪೀಠವು 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಮುಂದೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಎರಡು ಅಂಶಗಳು ಇಲ್ಲಿ ಪ್ರಸ್ತುತವಾಗುತ್ತವೆ. ಮೊದಲನೆಯದು, ಒಪ್ಪಿಗೆ ಪಡೆದು ಮಾಹಿತಿ ಸಂಗ್ರಹಿಸುವಾಗ ಕೊಡುವ ತಿಳಿವಳಿಕೆಯನ್ನು ಇಂಗ್ಲಿಷಿನಲ್ಲಿಯೋ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿಯೋ ಓದುವ ಆಯ್ಕೆ ಜನರಿಗಿರಬೇಕು. ಕನ್ನಡ, ಮಲಯಾಳಂ, ಕೊಂಕಣಿ, ಮರಾಠಿಗಳು ಆ ಪರಿಚ್ಛೇದದಲ್ಲಿವೆ. ಕೌಂಟರಿನ ಮಾತಿನಲ್ಲಿ ನಿತ್ಯ ಕೇಳಿಬರುವ ತುಳುವೂ ಬ್ಯಾರಿಯೂ ಇಲ್ಲ. ಎರಡನೆಯದು, ಉದ್ಯೋಗದಾತರು ತಮಗಾಗುವ ನಷ್ಟವನ್ನು ತಡೆಯುವ ಸಲುವಾಗಿ ನೌಕರರ ಮಾಹಿತಿಯನ್ನು ಒಪ್ಪಿಗೆಯಿಲ್ಲದೆಯೂ ಬಳಸಲು ಈ ಕಾಯಿದೆಯ 7ನೆಯ ಕಲಮು ಅವಕಾಶ ಕೊಡುತ್ತದೆ. ಹೀಗಾಗಿ ಕ್ಯಾಶಿಯರರಿಗೆ ಕಾಯಿದೆಯಿಂದ ದೊರೆಯುವ ರಕ್ಷಣೆ ಕಿರಿದು. ಉಳಿದುದನ್ನು ಅಂಗಡಿಯ ನಡವಳಿಕೆಯೇ ತುಂಬಿಕೊಡಬೇಕು.

ನ್ಯಾಯವಾದ ಬಳಕೆ

ಕೇರಳದಲ್ಲಿ ಅಂಗಡಿ ನೌಕರರ ಘನತೆಯ ಪ್ರಶ್ನೆ ಹೊಸತಲ್ಲ. ದಿನವಿಡೀ ನಿಂತೇ ದುಡಿಯಬೇಕಾಗಿದ್ದ ಮಾರಾಟಗಾರ್ತಿಯರಿಗೆ ಕುಳಿತುಕೊಳ್ಳುವ ಹಕ್ಕನ್ನು 2018ರ ತಿದ್ದುಪಡಿಯು ತಂದುಕೊಟ್ಟಿತು. ಅದರ ಹಿಂದೆ ಕೋಯಿಕ್ಕೋಡಿನ ಪೆಣ್‌ಕೂಟ್ಟ್ ಸಂಘಟನೆಯ ದೀರ್ಘ ಹೋರಾಟವಿತ್ತು. ಕುಳಿತುಕೊಳ್ಳಲು ಕುರ್ಚಿ ಬೇಕೆಂಬುದು ಎಷ್ಟು ನ್ಯಾಯವೋ, ಯಂತ್ರದ ಶಂಕೆಗೆ ಉತ್ತರ ಹೇಳಲು ಅವಕಾಶ ಬೇಕೆಂಬುದೂ ಅಷ್ಟೇ ನ್ಯಾಯ.

ಅದಕ್ಕೆ ಬೇಕಾದುದು ದೊಡ್ಡ ವೆಚ್ಚವಲ್ಲ. ಎಚ್ಚರಿಕೆ ಬಂದೊಡನೆ ಗಿರಾಕಿಗಳ ಎದುರಿನಲ್ಲಿ ವಿಚಾರಿಸದೆ, ಆ ಕ್ಷಣದ ಹಿಂದುಮುಂದಿನ ದೃಶ್ಯವನ್ನೂ ಬಿಲ್ಲನ್ನೂ ಜವಾಬ್ದಾರಿಯುಳ್ಳ ಒಬ್ಬರು ಒಟ್ಟಿಗೆ ನೋಡಬೇಕು. ಶಂಕಿತರಾದ ಕ್ಯಾಶಿಯರರಿಗೂ ಅದೇ ದೃಶ್ಯವನ್ನು ತೋರಿಸಿ, ಅವರ ವಿವರಣೆಯನ್ನು ಬರೆದುಕೊಳ್ಳಬೇಕು. ಒಂದು ಎಚ್ಚರಿಕೆಯನ್ನಲ್ಲ, ಒಂದೇ ಬಗೆಯಲ್ಲಿ ಮರುಕಳಿಸುವುದನ್ನು ಗಮನಿಸಬೇಕು: ಕಣ್ತಪ್ಪು ಎಲ್ಲ ಗಿರಾಕಿಗಳಿಗೂ ಹರಡಿರುತ್ತದೆ, ಮೋಸವು ಕೆಲವರ ಸುತ್ತಲೇ ಸುಳಿಯುತ್ತದೆ. ಎರಡೂ ಗಡಿಯಾರಗಳನ್ನು ದಿನವೂ ಸರಿಹೊಂದಿಸಬೇಕು. ಎಷ್ಟು ಎಚ್ಚರಿಕೆಗಳು ನಿಜವಾದುವು, ಎಷ್ಟು ಸುಳ್ಳಾದುವು ಎಂಬ ಲೆಕ್ಕವನ್ನು ಯಂತ್ರದ ಹೆಸರಿನಲ್ಲಿಯೂ ಇಡಬೇಕು. ಸೂಚಕನನ್ನು ಪರೀಕ್ಷಿಸುವ ದಾರಿ ಅದೊಂದೇ. ದೃಶ್ಯವು ಯಾರ ಮೊಬೈಲಿಗೂ ಹೋಗಬಾರದು. ಕ್ಯಾಮೆರಾ ಇದೆ, ಅದು ಏನನ್ನು ಲೆಕ್ಕವಿಡುತ್ತದೆ, ದೃಶ್ಯವು ಎಷ್ಟು ದಿನ ಉಳಿಯುತ್ತದೆ ಎಂಬ ಫಲಕವು ಮಲಯಾಳಂನೊಂದಿಗೆ ಕನ್ನಡದಲ್ಲಿಯೂ ಇರಬೇಕು. ಇಂತಹ ಫಲಕಗಳಿಗೆ ಜನರಿಗೆ ಅರ್ಥವಾಗುವ ಕನ್ನಡವನ್ನು ರೂಪಿಸಿಕೊಡುವುದು ಕನ್ನಡ ವಿಭಾಗಗಳು ಕೈಗೊಳ್ಳಬಹುದಾದ ಉಪಯುಕ್ತ ಕಾರ್ಯವಾಗಿದೆ.

ಭಾಷೆಯನ್ನು ಕಲಿಯುವವರು ಸೂಚನೆ, ಸಾಕ್ಷ್ಯ, ತೀರ್ಪು ಎಂಬ ಮೂರು ಪದಗಳ ಅಂತರವನ್ನು ಬಲ್ಲರು. ಕ್ಯಾಮೆರಾವು ಮೊದಲನೆಯದನ್ನು ಮಾತ್ರ ಕೊಡಬಲ್ಲದು. ಅದು ಎರಡನೆಯದಾಗಲು ಪರಿಶೀಲನೆಯೂ ಪ್ರಮಾಣವೂ ಬೇಕು. ಮೂರನೆಯದನ್ನು ಕೊಡುವ ಅಧಿಕಾರವು ಯಂತ್ರಕ್ಕೂ ಇಲ್ಲ, ಅಂಗಡಿಯ ಮುಂದೆ ನೆರೆದ ಜನರಿಗೂ ಇಲ್ಲ. ಈ ಅಂತರವನ್ನು ಕಾಯ್ದುಕೊಂಡರೆ ದೃಶ್ಯ ವಿಶ್ಲೇಷಣೆಯು ಅಂಗಡಿಯವರ ನಷ್ಟವನ್ನು ತಡೆಯುವುದರೊಂದಿಗೆ, ತಪ್ಪು ಶಂಕೆಗೆ ಸಿಲುಕಿದ ನೌಕರರ ನಿರಪರಾಧಿತ್ವಕ್ಕೂ ಆಧಾರವಾಗಬಲ್ಲದು. ಕದ್ದುದನ್ನು ತೋರಿಸುವ ಅದೇ ದೃಶ್ಯವು ಕದಿಯಲಿಲ್ಲವೆಂಬುದನ್ನೂ ತೋರಿಸುತ್ತದೆ.